ಎಕ್ಸ್‌ಚೇಂಜುಗಳು ತಮ್ಮೊಳಗೆ ಆಡುವ ಮಾತು

ಮುಂಬಯಿಗೆ ನೌಕರಿಗೆಂದು ಬಂದ ಹೊಸದರಲ್ಲಿ ನಾವೆಲ್ಲ ಎಸ್.ಟಿ.ಡಿ. ಬೂತಿನ ಮುಂದೆ ಸಾಲುಗಟ್ಟಿ ನಿಂತವರೇ. ರಾತ್ರಿ ದರ ಇಳಿಯುವ ಹೊತ್ತಿಗಾಗಿ ಕಾದು, ಊರಿನ ಕೋಡ್ ಒತ್ತಿ, ರಿಸೀವರನ್ನು ಕಿವಿಗೆ ಅಂಟಿಸಿಕೊಂಡರೆ ಕೂಡಲೇ ರಿಂಗು ಬರುತ್ತಿರಲಿಲ್ಲ. ಮೊದಲು ಒಂದಿಷ್ಟು ಮೌನ. ಆ ಮೌನದೊಳಗೆ, ಬಾವಿಯ ತಳದಲ್ಲಿ ಯಾರೋ ಕೊಡ ತಾಗಿಸಿದ ಹಾಗೆ, ಸಣ್ಣ ಸಣ್ಣ ಸದ್ದುಗಳು. ಇವೇನೆಂದು ಬೂತಿನವನನ್ನು ಕೇಳಿದರೆ "ಲೈನ್ ಲಗ್ ರಹಾ ಹೈ" ಎನ್ನುತ್ತಿದ್ದ. ಅವನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ.

ಅದು ಎಕ್ಸ್‌ಚೇಂಜುಗಳು ತಮ್ಮೊಳಗೆ ಆಡುವ ಮಾತು. ನಾವು ಬಾಯಿ ತೆರೆಯುವ ಮುನ್ನ ನಮಗಾಗಿ ಅವು ಆಡಬೇಕಾದದ್ದು ಬಹಳ ಇದೆ. "ಇಂಥ ಸಂಖ್ಯೆ ಬೇಕು." "ಇದೆ, ರಿಂಗು ಕೊಡುತ್ತಿದ್ದೇನೆ." "ಎತ್ತಿಕೊಂಡರು, ಮೀಟರು ಶುರುಮಾಡು." "ಇಟ್ಟರು, ದಾರಿ ಬಿಡು." ಇದಕ್ಕೆ ಸಿಗ್ನಲಿಂಗ್ ಎಂದು ಹೆಸರು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ ಕೊನೆಗೆ ಆವಕ-ಜಾವಕ ಪುಸ್ತಕದ ಮುಂದೆ ಬಂದು ಕುಳಿತ ನನ್ನಂಥ ಗುಮಾಸ್ತನಿಗೆ ಈ ವಿಷಯ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಡತದ ಒಳಗಿರುವ ವಿಷಯವೇ ಬೇರೆ, ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಎಂದು ಹೋಯಿತೆಂಬುದೇ ಬೇರೆ. ಈ ಎರಡನೆಯದನ್ನು ಬರೆದಿಡುವುದೇ ನನ್ನ ಅನ್ನ.

ಈ ಎರಡನ್ನೂ ಒಂದೇ ದಾರಿಯಲ್ಲಿ ಕಳಿಸಿದರೆ ಏನಾಗುತ್ತದೆ ಎಂಬುದರ ಕತೆ ಅಮೆರಿಕದ್ದು. ಅಲ್ಲಿ ದೂರದೂರಿನ ಕರೆಗಳೆಲ್ಲ ಬೆಲ್ ಎಂಬ ಒಂದೇ ಮನೆತನದ ಕಂಪನಿಗಳ ಕೈಯಲ್ಲಿದ್ದವು. ಎರಡನೆಯ ಮಹಾಯುದ್ಧದ ನಂತರ, ಆಪರೇಟರ್ ನಡುವೆ ಬಾರದೆ ಜನರೇ ದೂರದೂರಿಗೆ ಡಯಲ್ ಮಾಡುವ ವ್ಯವಸ್ಥೆ ಬಂದಾಗ, ಎಕ್ಸ್‌ಚೇಂಜುಗಳ ಮಾತನ್ನು ಜನರ ಮಾತು ಹೋಗುವ ತಂತಿಯಲ್ಲೇ ಸ್ವರಗಳ ರೂಪದಲ್ಲಿ ಕಳಿಸಿದರು. ಬೇರೆ ತಂತಿ ಎಳೆಯುವ ಖರ್ಚು ಉಳಿಯಿತು. ಖಾಲಿ ಇರುವ ಲೈನಿನ ಮೇಲೆ ಸೆಕೆಂಡಿಗೆ 2600 ಕಂಪನಗಳ ಒಂದು ಸ್ವರ ಸದಾ ಹರಿಯುತ್ತಿರುತ್ತದೆ. ಅದು ನಿಂತರೆ ಯಾರೋ ಲೈನು ಹಿಡಿದರೆಂದು ಅರ್ಥ, ಮತ್ತೆ ಬಂದರೆ ಬಿಟ್ಟರೆಂದು ಅರ್ಥ. ಅಂಕಿಗಳಿಗೆ 700ರಿಂದ 1700ರವರೆಗಿನ ಆರು ಸ್ವರಗಳಲ್ಲಿ ಎರಡೆರಡನ್ನು ಕೂಡಿಸಿ ನುಡಿಸುವುದು.

ಜಾಣ ಏರ್ಪಾಡೇ. ಆದರೆ ಆ ತಂತಿಯ ಇನ್ನೊಂದು ತುದಿಯಲ್ಲಿ ಜನರಿದ್ದಾರೆ, ಜನರಿಗೆ ಬಾಯಿದೆ ಎಂಬುದನ್ನು ಎಂಜಿನಿಯರುಗಳು ಮರೆತಿದ್ದರು. ಮೇಲಾಗಿ 1954ರಲ್ಲಿ ಮತ್ತು 1960ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್ ಎಂಬ ತಮ್ಮದೇ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ಸ್ವರಗಳ ಅಂಕಿಅಂಶ ಸಮೇತ ಪ್ರಕಟಿಸಿದರು. ಅದು ಕಾಲೇಜುಗಳ ಗ್ರಂಥಾಲಯಕ್ಕೆ ಹೋಗುವ ಪತ್ರಿಕೆ. ಓದಬೇಕಾದವರೂ ಓದಿದರು, ಓದಬಾರದವರೂ ಓದಿದರು.

ಓದದೆಯೇ ಕಂಡುಕೊಂಡವರೂ ಇದ್ದರು. ಜೋ ಎಂಗ್ರೆಸ್ಸಿಯಾ ಹುಟ್ಟು ಕುರುಡ. ಯಾವ ಸ್ವರವನ್ನೂ ಕೇಳಿದ ಮಾತ್ರಕ್ಕೆ ಗುರುತಿಸಬಲ್ಲ ಕಿವಿ. ಏಳು ವರ್ಷದವನಿದ್ದಾಗ ಫೋನು ಹಿಡಿದು ಸಿಳ್ಳೆ ಹಾಕಿದ, ಕರೆ ಕಡಿದುಹೋಯಿತು. ಮತ್ತೆ ಹಾಕಿದ, ಮತ್ತೆ ಕಡಿಯಿತು. ಫೋನೇ ಒಡನಾಡಿಯಾಗಿದ್ದ ಆ ಹುಡುಗನ ಸಿಳ್ಳೆ ಸರಿಯಾಗಿ 2600ಕ್ಕೆ ಕೂಡುತ್ತಿತ್ತು. ಅರವತ್ತರ ದಶಕದ ಕೊನೆಗೆ ಫ್ಲಾರಿಡಾದ ವಿಶ್ವವಿದ್ಯಾಲಯದಲ್ಲಿ ಗೆಳೆಯರಿಗಾಗಿ ಸಿಳ್ಳೆ ಹಾಕಿಯೇ ದೂರದೂರಿಗೆ ಪುಕ್ಕಟೆ ಕರೆ ಜೋಡಿಸಿಕೊಟ್ಟು ಸಿಕ್ಕಿಬಿದ್ದ. 1971ರಲ್ಲಿ ಮೆಂಫಿಸ್‌ನಲ್ಲಿ ಪೋಲೀಸರೂ ಹಿಡಿದರು. ಇನ್ನೊಬ್ಬಾತ ಜಾನ್ ಡ್ರೇಪರ್. ಬೆಳಗಿನ ತಿಂಡಿಯ ಪೊಟ್ಟಣದಲ್ಲಿ ಮಕ್ಕಳಿಗೆಂದು ಹಾಕುತ್ತಿದ್ದ ಪ್ಲಾಸ್ಟಿಕ್ ಪೀಪಿಯಿಂದಲೂ ಅದೇ ಸ್ವರ ಹೊರಡುತ್ತಿತ್ತು. ಆ ತಿಂಡಿಯ ಹೆಸರಾದ ಕ್ಯಾಪ್ಟನ್ ಕ್ರಂಚ್ ಎಂಬುದೇ ಅವನ ಹೆಸರಾಯಿತು. ಈ ಸ್ವರಗಳನ್ನೆಲ್ಲ ನುಡಿಸುವ ಪುಟ್ಟ ಯಂತ್ರಕ್ಕೆ ನೀಲಿ ಪೆಟ್ಟಿಗೆ ಎಂದು ಹೆಸರು ಬಿತ್ತು. 1971ರ ಅಕ್ಟೋಬರಿನ ಎಸ್ಕ್ವೈರ್ ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬಂದಾಗ, ಅದನ್ನೋದಿದ ಸ್ಟೀವ್ ವೊಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಎಂಬ ಇಬ್ಬರು ಹುಡುಗರು ತಾವೂ ಪೆಟ್ಟಿಗೆ ಮಾಡಿ ಮಾರಿದರು. ಆಪಲ್ ಕಂಪ್ಯೂಟರು ಬಂದದ್ದು ಆ ಬಳಿಕ.

ಇವು ಎಲ್ಲರೂ ಹೇಳುವ ತಮಾಷೆಯ ಕತೆಗಳು. ನನಗೆ ಮುಖ್ಯವೆನಿಸುವುದು ಕಂಪನಿ ಇದಕ್ಕೆ ಹುಡುಕಿದ ಮದ್ದು. ಕಳ್ಳ ಸ್ವರ ಜನರ ಮಾತಿನ ದಾರಿಯಲ್ಲೇ ಇದ್ದುದರಿಂದ ಕಳ್ಳನನ್ನು ಹಿಡಿಯಲು ಆ ದಾರಿಗೇ ಕಿವಿಗೊಡಬೇಕಾಯಿತು. 1964ರಿಂದ 1970ರವರೆಗೆ ಗ್ರೀನ್‌ಸ್ಟಾರ್ ಎಂಬ ಗುಪ್ತ ಹೆಸರಿನಲ್ಲಿ ಕೆಲವು ನಗರಗಳಲ್ಲಿ ಯಂತ್ರಗಳನ್ನಿಟ್ಟು, ಸುಮಾರು 3 ಕೋಟಿ 30 ಲಕ್ಷ ದೂರದ ಕರೆಗಳನ್ನು ಜಾಲಾಡಿದರು. 2600ರ ಸ್ವರ ಬರಬಾರದ ಸಮಯದಲ್ಲಿ ಬಂದರೆ ಯಂತ್ರ ಟೇಪು ಓಡಿಸುತ್ತಿತ್ತು. ಹೀಗೆ ಧ್ವನಿಮುದ್ರಣವಾದ ಕರೆಗಳು 15 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು, ಯಾವ ತಪ್ಪನ್ನೂ ಮಾಡದೆ ಮಗಳೊಡನೆಯೋ ಅಂಗಡಿಯವನೊಡನೆಯೋ ಮಾತಾಡುತ್ತಿದ್ದವರವು. ಅಂಥವರಿಗೆ ತಮ್ಮ ದನಿ ಟೇಪಿನ ಮೇಲಿದೆಯೆಂಬ ಸುಳಿವೇ ಇರಲಿಲ್ಲ. 1975ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸಿನ ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ ಸಂಸತ್ತಿನ ಸಮಿತಿಯ ಮುಂದೆ ಕಂಪನಿ ವಿವರಣೆ ಕೊಡಬೇಕಾಯಿತು.

ನಿಜವಾದ ಪರಿಹಾರ ನನ್ನ ಆವಕ-ಜಾವಕದ ಪುಸ್ತಕದಂಥದೇ. ಮಾತಿಗೆ ಒಂದು ದಾರಿ, ಮಾತಿನ ಏರ್ಪಾಡಿಗೆ ಇನ್ನೊಂದು. 1976ರಿಂದ ಅಮೆರಿಕದಲ್ಲಿ ಎಕ್ಸ್‌ಚೇಂಜುಗಳ ಕಂಪ್ಯೂಟರುಗಳು ಪ್ರತ್ಯೇಕ ಲೈನಿನ ಮೇಲೆ ಅಂಕಿಗಳ ಭಾಷೆಯಲ್ಲಿ ಮಾತಾಡತೊಡಗಿದವು. ಇನ್ನು ಸಿಳ್ಳೆ ಹಾಕಿದರೆ ಕೇಳುವವರು ಯಾರೂ ಇಲ್ಲ! 1980ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿ ಇದೇ ಬಗೆಯ ಒಂದು ಪದ್ಧತಿಯನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಅದೇ ಸಿಗ್ನಲಿಂಗ್ ಸಿಸ್ಟಮ್ ಸಂಖ್ಯೆ 7.

ಈ ಏಳನೆಯ ಪದ್ಧತಿಯ ಲೈನು ಎಂದೂ ಸುಮ್ಮನಿರುವುದಿಲ್ಲ. ಹೇಳಲು ಏನೂ ಇಲ್ಲದಾಗಲೂ "ಇದ್ದೇನೆ, ಇದ್ದೇನೆ" ಎಂಬರ್ಥದ ಪುಟ್ಟ ಸಂದೇಶಗಳನ್ನು ಕಳಿಸುತ್ತಲೇ ಇರುತ್ತದೆ. ಸಂದೇಶಕ್ಕೆ 0ಯಿಂದ 127ರವರೆಗೆ ಕ್ರಮಸಂಖ್ಯೆ, ಮುಗಿದರೆ ಮತ್ತೆ 0ಯಿಂದ. ಒಂದು ಸಂಖ್ಯೆ ತಪ್ಪಿದರೆ ಆ ತುದಿಯವನು ಮತ್ತೆ ಕಳಿಸೆನ್ನುತ್ತಾನೆ. ತಪ್ಪುಗಳ ಲೆಕ್ಕವಿಡಲು ಸೋರುವ ಬಿಂದಿಗೆಯ ಯುಕ್ತಿ ಮಾಡಿದ್ದಾರೆ. ಕೆಟ್ಟ ಸಂದೇಶ ಬಂದಾಗಲೆಲ್ಲ ಒಂದು ಹನಿ ಒಳಗೆ, 256 ಸಂದೇಶ ಕಳೆದಾಗಲೆಲ್ಲ ಒಂದು ಹನಿ ಹೊರಗೆ. ಬಿಂದಿಗೆಯಲ್ಲಿ 64 ಹನಿ ತುಂಬಿತೋ, ಆ ಲೈನನ್ನು ಬದಿಗಿಟ್ಟು ಜೊತೆಯ ಲೈನಿಗೆ ಕೆಲಸ ಹಚ್ಚುತ್ತಾರೆ. ಅದಕ್ಕೆಂದೇ ಅಮೆರಿಕದಲ್ಲಿ ಪ್ರತಿ ಲೈನಿನ ಮೇಲೂ ಸಾಧಾರಣ ಹೊತ್ತಿನಲ್ಲಿ ಶೇಕಡಾ 40ರಷ್ಟೇ ಹೊರೆ. ಜೊತೆಗಾರ ಮಲಗಿದರೆ ಅವನದ್ದನ್ನೂ ಹೊರಬೇಕಲ್ಲ. ನಮ್ಮ ಕಚೇರಿಯಲ್ಲಿ ಒಬ್ಬರು ರಜೆ ಹೋದರೆ ಅವರ ಮೇಜಿನ ಕೆಲಸ ಯಾರಿಗೆ ಬೀಳುತ್ತದೆಂದು ನನಗೆ ಗೊತ್ತು. ನನ್ನ ಹೊರೆ ಶೇಕಡಾ 40 ಎಂದು ಮಾತ್ರ ಯಾರೂ ಭಾವಿಸಬಾರದು.

ಈ ಲೈನಿಗೆ ಒಂದು ಉಪಕರಣ ತಗುಲಿಸಿ ಕುಳಿತವನಿಗೆ ಯಾರ ದನಿಯೂ ಕೇಳುವುದಿಲ್ಲ. ಆದರೆ ಎಲ್ಲವೂ ಕಾಣುತ್ತದೆ. ಕರೆ ಹೊರಟ ಸಂದೇಶ, ರಿಂಗಾದ ಸಂದೇಶ, ಎತ್ತಿಕೊಂಡ ಸಂದೇಶ, ಬಿಟ್ಟ ಸಂದೇಶ; ನಾಲ್ಕನ್ನೂ ಪೋಣಿಸಿದರೆ ಒಂದು ಕರೆಯ ಪೂರ್ಣ ಚರಿತ್ರೆ. ಕರೆ ಮುಗಿದುದೇಕೆ ಎಂಬುದಕ್ಕೂ ಅಂಕಿಯಿದೆ: 16 ಎಂದರೆ ಮಾತು ಮುಗಿಸಿ ಇಟ್ಟರು, 17 ಎಂದರೆ ಎಂಗೇಜು, 19 ಎಂದರೆ ರಿಂಗಾದರೂ ಎತ್ತಲಿಲ್ಲ, 34 ಎಂದರೆ ಹೋಗಲು ಲೈನೇ ಖಾಲಿಯಿರಲಿಲ್ಲ. ಒಂದು ಊರಿನ ದಾರಿಯಲ್ಲಿ 34 ಹೆಚ್ಚಾದರೆ ಅಲ್ಲಿಗೆ ಇನ್ನಷ್ಟು ಲೈನು ಬೇಕೆಂದು ಎಂಜಿನಿಯರನಿಗೆ ತಿಳಿಯುತ್ತದೆ. ವೈದ್ಯ ನಾಡಿ ಹಿಡಿದಂತೆ.

ಇದನ್ನು ನಮ್ಮ ಅವ್ವನಿಗೆ ವಿವರಿಸಿದೆ. "ಹಂಗಂದ್ರ ನಾವು ಮಾತಾಡೂದು ಯಾರರೆ ಕೇಳ್ತಾರೇನಪಾ?" ಎಂದಳು. "ಇಲ್ಲವ್ವಾ, ಯಾರು ಯಾರಿಗೆ ಯಾವಾಗ ಹಚ್ಚಿದ್ರು, ಎಷ್ಟೊತ್ತು ಮಾತಾಡಿದ್ರು, ಅಷ್ಟ ಗೊತ್ತಾಗ್ತದ" ಎಂದೆ. "ನಮ್ಮ ಓಣ್ಯಾಗ ಇಷ್ಟು ಗೊತ್ತಾದ್ರ ಸಾಕಾಗಿತ್ತು" ಎಂದು ಅವರೆಕಾಯಿ ಸುಲಿಯುತ್ತ ಕುಳಿತಳು. ನಾನು ಆಮೇಲೆ ಏನೂ ಹೇಳಲು ಹೋಗಲಿಲ್ಲ.

ಮಾತಿನ ದಾರಿಯಿಂದ ಬೇರೆಯಾದದ್ದು ಒಳ್ಳೆಯದಾಯಿತು, ನಿಜ. ಆದರೆ ಈಗ ಎಲ್ಲ ಎಕ್ಸ್‌ಚೇಂಜುಗಳೂ ಒಂದೇ ನರಕ್ಕೆ ಕಟ್ಟಿಬಿದ್ದಿದ್ದವು. 1990ರ ಜನವರಿ 15ರ ಮಧ್ಯಾಹ್ನ ಎ.ಟಿ.ಅಂಡ್.ಟಿ. ಕಂಪನಿಯ ನ್ಯೂಯಾರ್ಕ್ ಎಕ್ಸ್‌ಚೇಂಜೊಂದಕ್ಕೆ ಸಣ್ಣ ತೊಂದರೆಯಾಗಿ, ನಿಯಮದಂತೆ "ಕೆಲವು ಸೆಕೆಂಡು ನನಗೆ ಕರೆ ಕಳಿಸಬೇಡಿ" ಎಂದು ನೆರೆಯವರಿಗೆ ಹೇಳಿ, ತನ್ನನ್ನು ಸರಿಪಡಿಸಿಕೊಂಡು ಮತ್ತೆ ಕೆಲಸಕ್ಕೆ ಬಂತು. ಅದು ಹೊಸದಾಗಿ ಕಳಿಸಿದ ಕರೆಯ ಸಂದೇಶ ನೋಡಿ ನೆರೆಯವು "ಇವನು ಬಂದ" ಎಂದು ಬರೆದುಕೊಳ್ಳುತ್ತಿರುವಾಗಲೇ, ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಎರಡನೆಯ ಸಂದೇಶ ಬಂದರೆ ಅವುಗಳ ಲೆಕ್ಕ ಕೆಡುತ್ತಿತ್ತು. ಹಿಂದಿನ ಡಿಸೆಂಬರಿನಲ್ಲಷ್ಟೇ ತುಂಬಿದ್ದ ಹೊಸ ಪ್ರೋಗ್ರಾಮಿನಲ್ಲಿ, ಇರಬಾರದ ಜಾಗದಲ್ಲಿ ಕುಳಿತ ಒಂದೇ ಆಜ್ಞೆ ಇದಕ್ಕೆ ಕಾರಣ. ಲೆಕ್ಕ ಕೆಟ್ಟ ನೆರೆಯವನೂ "ನನಗೆ ಕಳಿಸಬೇಡಿ" ಎಂದ, ಸರಿಹೋದ, ಮತ್ತೆ ಕಳಿಸಿದ, ಅವನ ನೆರೆಯವನ ಲೆಕ್ಕ ಕೆಟ್ಟಿತು. ಹೀಗೆ ದೇಶದ 114 ಎಕ್ಸ್‌ಚೇಂಜುಗಳು ಒಂದನ್ನೊಂದು ಬೀಳಿಸುತ್ತ, ಏಳುತ್ತ, ಮತ್ತೆ ಬೀಳುತ್ತ ಒಂಬತ್ತು ಗಂಟೆ ಕಳೆದವು. ನ್ಯೂಜೆರ್ಸಿಯ ಬೆಡ್‌ಮಿನ್‌ಸ್ಟರ್ ಎಂಬಲ್ಲಿಯ ನಿಗಾ ಕೇಂದ್ರದ ಪರದೆಗಳ ಮೇಲೆ ಎಂಜಿನಿಯರುಗಳು ಇದನ್ನು ನೋಡುತ್ತಿದ್ದರು. ಕಡೆಗೆ ಸಂದೇಶಗಳ ಹೊರೆ ಇಳಿಸಿದಾಗ ಜಾಲ ತಾನಾಗಿ ಶಾಂತವಾಯಿತು. ಎರಡು ಸಂದೇಶಗಳ ನಡುವೆ ಉಸಿರಾಡಲು ಬಿಡುವು ಸಿಕ್ಕಿತ್ತು, ಅಷ್ಟೆ.

ಮರುವರ್ಷ ಜೂನಿನಲ್ಲಿ ವಾಷಿಂಗ್ಟನ್ ಸುತ್ತಮುತ್ತ ಮತ್ತು ಲಾಸ್ ಏಂಜಲೀಸಿನಲ್ಲಿ ಲಕ್ಷಾಂತರ ಫೋನುಗಳು ಸತ್ತವು. ಅದಕ್ಕೂ ಸಂದೇಶ ಹಂಚುವ ಯಂತ್ರದ ಪ್ರೋಗ್ರಾಮಿನಲ್ಲಿ ಮಾಡಿದ, ಪೂರ್ತಿ ಪರೀಕ್ಷಿಸದ ಒಂದು ಸಣ್ಣ ತಿದ್ದುಪಡಿಯೇ ಕಾರಣ.

ನಮ್ಮ ಕಡೆ ಆ ದಿನಗಳಲ್ಲಿ ನಡೆಯುತ್ತಿದ್ದುದು ಇನ್ನೊಂದು ಕತೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಹಳ್ಳಿಗಾಡಿನ ಎಕ್ಸ್‌ಚೇಂಜು, 128 ಲೈನಿನದು, ಮೊಟ್ಟಮೊದಲು ನೆಲೆಗೊಂಡದ್ದು 1986ರಲ್ಲಿ ನಮ್ಮ ರಾಣಿ ಚನ್ನಮ್ಮನ ಕಿತ್ತೂರಿನಲ್ಲಿ. ಧೂಳು ತಡೆದು, ಸೆಕೆ ತಡೆದು, ಏರ್‌ಕಂಡೀಶನ್ ಇಲ್ಲದ ಕೋಣೆಯಲ್ಲಿ ನಡೆಯಬೇಕೆಂದು ಮಾಡಿದ ಪೆಟ್ಟಿಗೆ. ನಾನಾಗ ಬೈಲಹೊಂಗಲದ ಕಡೆ ಸಣ್ಣ ಶಾಲೆಯ ಹುಡುಗ. ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಇಡೀ ದಿನ ಕಾಯುತ್ತಿದ್ದ ನಮ್ಮಪ್ಪ, ಕಿತ್ತೂರಿನವರು ಈಗ ತಾವೇ ಡಯಲ್ ತಿರುಗಿಸುತ್ತಾರಂತೆ ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದ. ಏಳನೆಯ ಪದ್ಧತಿ ನಮ್ಮಲ್ಲಿ ಹರಡಿದ್ದು ತೊಂಬತ್ತರ ದಶಕದಲ್ಲಿ. ಆಗಿನವರೆಗೂ ನಮ್ಮ ಎಕ್ಸ್‌ಚೇಂಜುಗಳು ಸ್ವರಗಳಲ್ಲೇ ಮಾತಾಡಿಕೊಳ್ಳುತ್ತಿದ್ದವು. ನಾನು ಬೂತಿನಲ್ಲಿ ಕೇಳಿದ್ದು ಆ ಕಾಲದ ಬಾಲವನ್ನು.

ಮೊಬೈಲು ಬಂದ ಮೇಲೆ ಈ ಪದ್ಧತಿಗೆ ಕೆಲಸ ಹೆಚ್ಚಿತು. ಎಸ್ಸೆಮ್ಮೆಸ್ ಹೋಗುತ್ತಿದ್ದುದೂ ಇದೇ ಸಿಗ್ನಲಿಂಗ್ ದಾರಿಯಲ್ಲಿ; ಅದರ ಸಂದೇಶದಲ್ಲಿ ಇದ್ದ ಜಾಗವೇ ಅಷ್ಟಾದ್ದರಿಂದ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಒತ್ತಕ್ಷರ, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ! ಬ್ಯಾಂಕುಗಳೂ ಗುಪ್ತ ಅಂಕಿಗಳನ್ನು ಇದೇ ದಾರಿಯಲ್ಲಿ ಕಳಿಸತೊಡಗಿದವು. ಆದರೆ ಏಳನೆಯ ಪದ್ಧತಿಯನ್ನು ರೂಪಿಸಿದವರು, ಈ ಲೈನಿನ ಮೇಲೆ ಇರುವವರೆಲ್ಲ ಸರ್ಕಾರಿ ಇಲಾಖೆಗಳು ಅಥವಾ ದೊಡ್ಡ ಕಂಪನಿಗಳು, ನಂಬಬಹುದು ಎಂದುಕೊಂಡಿದ್ದರು. "ನೀನು ಯಾರು?" ಎಂದು ಕೇಳುವ ಏರ್ಪಾಡನ್ನೇ ಇಟ್ಟಿರಲಿಲ್ಲ. ದುಡ್ಡು ಕೊಟ್ಟು ಒಳಸೇರಿದ ಯಾರಾದರೂ "ಈ ಸಂಖ್ಯೆಯವರು ಈಗ ಎಲ್ಲಿದ್ದಾರೆ?" ಎಂದರೆ ಜಾಲ ಉತ್ತರಿಸಿಬಿಡುತ್ತಿತ್ತು. 2014ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ ಎಂಬ ಸಂಶೋಧಕರು ಇದನ್ನು ಎಲ್ಲರೆದುರು ತೋರಿಸಿದರು. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಬ್ಯಾಂಕಿನ ಗುಪ್ತ ಅಂಕಿಗಳನ್ನು ಈ ದಾರಿಯಲ್ಲೇ ತಮ್ಮತ್ತ ತಿರುಗಿಸಿಕೊಂಡು ಜನರ ಖಾತೆ ಬರಿದುಮಾಡಿದರು. ಹೀಗಾಗಿ ಈಗ ಸಿಗ್ನಲಿಂಗ್ ಮೇಲಿನ ನಿಗಾದ ಉದ್ದೇಶವೂ ಬದಲಾಗಿದೆ. ಮುಂಬಯಿಯಲ್ಲಿರುವ ಚಂದಾದಾರನ ಬಗ್ಗೆ ಅರ್ಧ ತಾಸಿನ ಹಿಂದೆ ಇಲ್ಲಿಂದ, ಈಗ ಯಾವುದೋ ಪರದೇಶದಿಂದ ವಿಚಾರಣೆ ಬಂದರೆ, ಅಷ್ಟರಲ್ಲಿ ಆತ ಅಲ್ಲಿಗೆ ಹೋಗಿರಲು ಸಾಧ್ಯವೇ ಎಂದು ಗಂಟೆ-ಮೈಲುಗಳ ಲೆಕ್ಕ ಹಾಕಿ ತಡೆಯುವ ಸೋಸುಬಟ್ಟೆಗಳನ್ನು ಕಂಪನಿಗಳು ಇಟ್ಟುಕೊಂಡಿವೆ. ಟಿ.ಎ. ಬಿಲ್ ಪರಿಶೀಲಿಸುವಾಗ ನಾವು ಮಾಡುವುದೂ ಇದನ್ನೇ.

2015ರ ಜುಲೈ 3ರಿಂದ ಒಂದು ರಾಜ್ಯದ ಮೊಬೈಲು ಸಂಖ್ಯೆಯನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದಾಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಾಗ ತಂದದ್ದು ಎರಡು ಚೀಲ ಮತ್ತು ಆ ಸಂಖ್ಯೆ. ಕಿತ್ತೂರಿನಿಂದ ಅವಳ ತಂಗಿ ಆ ಸಂಖ್ಯೆ ಒತ್ತಿದರೆ, ಅದು ಈಗ ಯಾರ ಜಾಲದಲ್ಲಿದೆ ಎಂದು ಮೊದಲು ಪಟ್ಟಿ ನೋಡಬೇಕು, ಆ ಜಾಲ ಅವಳ ಫೋನು ಎಲ್ಲಿದೆ ಎಂದು ಹುಡುಕಬೇಕು, ಆಮೇಲೆ ನಮ್ಮ ಅಡಿಗೆಮನೆಯಲ್ಲಿ ರಿಂಗು. ಎರಡು ಮೂರು ಸೆಕೆಂಡು. ಹೆಚ್ಚಿನ ಸಲ ಅವ್ವ ಫೋನನ್ನು ಎಲ್ಲಿಟ್ಟಿದ್ದೇನೆಂದು ಹುಡುಕುವಷ್ಟರಲ್ಲಿ ರಿಂಗು ನಿಂತುಹೋಗಿ, ಎಲ್ಲೋ ಒಂದು ಲೈನಿನ ಮೇಲೆ 19 ಎಂಬ ಅಂಕಿ ಹಾಯ್ದುಹೋಗುತ್ತದೆ.