ಗೃಹಪರೀಕ್ಷಕನೆಂಬ ವೃತ್ತಿಯ ಉದಯ

ಮನೆ ನಿಲ್ಲುವ ನೆಲವನ್ನು ಮೊದಲು ಪರೀಕ್ಷಿಸಬೇಕೆಂಬ ವಿವೇಕವು ನಮ್ಮಲ್ಲಿ ಬಹು ಪುರಾತನವಾದುದು. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಪ್ರಕರಣದಲ್ಲಿ ಹೇಳುವಂತೆ, ನಿವೇಶನದ ನಡುವೆ ಒಂದು ಮೊಳದ ಗುಣಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮತ್ತೆ ತುಂಬಿದಾಗ, ಮಣ್ಣು ಮಿಕ್ಕರೆ ನೆಲ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಶುಭಾಶುಭಗಳ ಪರಿಭಾಷೆಯಲ್ಲಿ ನುಡಿದಿದ್ದರೂ ಈ ವಿಧಿಯ ತಿರುಳು ಪ್ರತ್ಯಕ್ಷಾನುಭವವೇ ಸರಿ. ಗಟ್ಟಿ ನೆಲದ ಮಣ್ಣು ಅಗೆದೊಡನೆ ಹಿಗ್ಗಿ ಮಿಗುತ್ತದೆ, ಸಡಿಲ ನೆಲದ ಮಣ್ಣು ತನ್ನ ಗುಣಿಗೇ ಸಾಲದಾಗುತ್ತದೆ.

ಆದರೆ ಇದು ಕಟ್ಟುವವನಿಗೆ ಹೇಳಿದ ಮಾತು. ಅನ್ಯರು ಕಟ್ಟಿ ಬಾಳಿದ ಮನೆಯನ್ನು ಕೊಳ್ಳುವವನ ಪಾಡು ಬೇರೆ. ಸುಣ್ಣ ಬಳಿದ ಗೋಡೆಯ ಹಿಂದಿನ ಬಿರುಕನ್ನೂ, ನೆಲದೊಳಗೆ ಹುದುಗಿದ ಬುನಾದಿಯ ದೌರ್ಬಲ್ಯವನ್ನೂ ಅವನು ಕಾಣುವ ಬಗೆ ಯಾವುದು? ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ಅವನು ಕಂಡುಕೊಳ್ಳಲಾರದ ಮುಖ್ಯ ದೋಷವನ್ನು ಮಾರುವವನು ತಿಳಿಸತಕ್ಕದ್ದು. ಹಾಗಾದರೆ ಎಚ್ಚರದ ಕಣ್ಣಿಗೆ ಕಾಣಬಹುದಾದ ದೋಷವನ್ನು ಕಾಣುವ ಹೊಣೆ ಕೊಳ್ಳುವವನ ಪಾಲಿಗೇ ಉಳಿಯಿತು. ಕೊಳ್ಳುವವನೇ ಜಾಗರೂಕನಾಗಿರಬೇಕೆಂಬ ಆಂಗ್ಲ ನ್ಯಾಯಸೂತ್ರದ ನೆರಳು ಇಲ್ಲಿರುವಂತೆ ಅಮೆರಿಕೆಯ ಮೇಲೂ ಬಿದ್ದಿತ್ತು. ನಮ್ಮವರು ಪರಿಚಯದ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ದು ಮನೆ ತೋರಿಸುವ ರೂಢಿಯೂ ಈ ಹೊಣೆಯನ್ನು ನಿರ್ವಹಿಸುವ ಒಂದು ಬಗೆಯೇ ಆಗಿದೆ.

ಅಮೆರಿಕೆಯಲ್ಲಿ ಈ ಕೆಲಸವು ಸ್ವತಂತ್ರ ವೃತ್ತಿಯಾಗಿ ರೂಪುಗೊಂಡು, 1976ರಲ್ಲಿ ಗೃಹಪರೀಕ್ಷಕರ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಡಯಾಬ್ಲೊ ಎಂಬಲ್ಲಿ, ಒಂದು ಎಕರೆ ನೆಲದಲ್ಲಿ ಈಜುಕೊಳ, ಅತಿಥಿಗೃಹಗಳೊಡನೆ ನಿಂತಿದ್ದ ಮನೆಯೊಂದು 1,70,000 ಡಾಲರಿಗೆ ಮಾರಾಟವಾಯಿತು. ಆ ಮನೆ ನಿಂತಿದ್ದುದು ಸರಿಯಾಗಿ ದಮ್ಮಸ್ಸು ಮಾಡದೆ ಮಣ್ಣು ತುಂಬಿದ ನೆಲದ ಮೇಲೆ. ಹಿಂದೆಯೇ ಇಳಿಜಾರು ಕುಸಿದಿದ್ದುದನ್ನು ಮಾರಿದವರು ತಿಳಿಸಲಿಲ್ಲ. ಕುಸಿದೆಡೆಗೆ ಹೊದಿಸಿದ್ದ ಬಲೆಯನ್ನೂ, ಅತಿಥಿಗೃಹದ ನೆಲ ಸಮವಾಗಿಲ್ಲದಿರುವುದನ್ನೂ ದಲ್ಲಾಳಿಗಳು ಕಂಡಿದ್ದರೂ ಮಣ್ಣಿನ ಪರೀಕ್ಷೆಗೆ ಹೇಳಲಿಲ್ಲ. ಕೆಲಕಾಲದಲ್ಲಿಯೇ ನೆಲ ಜಾರಿ, ಮನೆಯ ಬೆಲೆ ಅಲ್ಪಾಂಶಕ್ಕಿಳಿಯಿತು. ಆ ಮನೆಯನ್ನು ಕೊಂಡಿದ್ದ ಈಸ್ಟನ್ ಹೂಡಿದ ಮೊಕದ್ದಮೆಯ ಮೇಲ್ಮನವಿಯನ್ನು 1984ರಲ್ಲಿ ತೀರ್ಮಾನಿಸಿದ ನ್ಯಾಯಾಲಯವು, ಮಾರುವವನ ಪರ ದಲ್ಲಾಳಿಯೂ ಮನೆಯನ್ನು ಶ್ರದ್ಧೆಯಿಂದ ನೋಡಿ, ಕಂಡ ದೋಷವನ್ನು ಕೊಳ್ಳುವವನಿಗೆ ತಿಳಿಸಲು ಬಾಧ್ಯನೆಂದು ಸಾರಿತು. ಮರುವರ್ಷ ಅಲ್ಲಿನ ಶಾಸನಸಭೆ ಆ ಕರ್ತವ್ಯವನ್ನು ಕಾಯಿದೆಯಲ್ಲಿ ಸೇರಿಸಿತು. ವರಾಹಮಿಹಿರನ ಕಾಲದಿಂದ ಜನ ಭಯಪಡುತ್ತಿದ್ದ ಸಡಿಲ ಮಣ್ಣೇ ಈ ನ್ಯಾಯಕ್ಕೂ ಕಾರಣವಾಯಿತೆಂಬುದು ಗಮನಾರ್ಹ.

ತೀರ್ಪಿನಿಂದ ವೃತ್ತಿಗೆ ಬಲ ಬಂದಿತಾದರೂ ಅದರೊಡನೆ ಒಂದು ಅಪಾಯವೂ ಇದೆ. ತನ್ನ ಹೊಣೆಗೆ ಅಂಜಿದ ದಲ್ಲಾಳಿಯು ಪರೀಕ್ಷಕನನ್ನು ತಾನೇ ಸೂಚಿಸಿದಾಗ, ಮುಂದಿನ ಕೆಲಸವೂ ಆ ದಲ್ಲಾಳಿಯಿಂದಲೇ ಬರಬೇಕಾದ ಪರೀಕ್ಷಕನಿಗೆ, ವ್ಯಾಪಾರ ಮುರಿಯಬಲ್ಲ ಸತ್ಯವನ್ನಾಡಲು ನಾಲಗೆ ತಡವರಿಸೀತು. ದೋಷವನ್ನು ತೋರಿದವನೇ ರಿಪೇರಿಯನ್ನೂ ವಹಿಸಿಕೊಂಡರೆ, ಇಲ್ಲದ ದೋಷವೂ ಕಂಡೀತು. ಆದಕಾರಣವೇ ಮೇಲೆ ಹೇಳಿದ ಸಂಘದ ನೀತಿಸಂಹಿತೆಯು, ಪರೀಕ್ಷಿಸಿದ ಮನೆಯ ರಿಪೇರಿಯನ್ನು ಒಂದು ವರ್ಷದವರೆಗೆ ಹಣಕ್ಕಾಗಿ ಮಾಡಕೂಡದೆಂದು ತನ್ನ ಸದಸ್ಯರನ್ನು ನಿರ್ಬಂಧಿಸುತ್ತದೆ.

ನಮ್ಮ 2016ರ ಸ್ಥಿರಾಸ್ತಿ ಕಾಯಿದೆಯು, ಸ್ವಾಧೀನಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಾಣಿಸಿಕೊಳ್ಳುವ ರಚನಾದೋಷಗಳನ್ನು ಸರಿಪಡಿಸುವ ಭಾರವನ್ನು ಕಟ್ಟಿಸಿ ಮಾರಿದವನ ಮೇಲೆ ಹೊರಿಸಿದೆ. ಆದರೆ ಇಪ್ಪತ್ತು ವರ್ಷ ಹಳೆಯ ಮನೆಯನ್ನು ಕೊಳ್ಳುವವನಿಗೆ ಆ ರಕ್ಷೆಯಿಲ್ಲ. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನು ಮುಚ್ಚಿಕೊಂಡು ಬೆಳೆದ ಬೆಂಗಳೂರಿನಂಥ ನಗರದಲ್ಲಿ ನೆಲದ ಪೂರ್ವಚರಿತ್ರೆಯನ್ನು ವಿಚಾರಿಸದೆ ಕ್ರಯಪತ್ರಕ್ಕೆ ರುಜು ಹಾಕುವುದು ಸಾಹಸವೇ ಸರಿ. ಪರೀಕ್ಷಕನನ್ನು ಆರಿಸುವವನು ಅವನ ವಿದ್ಯೆ ಅನುಭವಗಳನ್ನು ವಿಚಾರಿಸಲಿ. ಸೂರಿನಿಂದ ಚರಂಡಿಯವರೆಗೆ ಅವನು ನೋಡುವಾಗ ಜೊತೆಯಲ್ಲಿರಲಿ. ಕಂಡದ್ದನ್ನೂ ಕಾಣಲಾಗದೆ ಉಳಿದುದನ್ನೂ ಬರಹದಲ್ಲಿ ಪಡೆಯಲಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಮನೆಯನ್ನು ಕೊಂಡರೂ ಬಿಟ್ಟರೂ ಅವನಿಗೆ ಸಲ್ಲುವ ಸಂಭಾವನೆ ಒಂದೇ ಆಗಿರಲಿ, ಆ ಸಂಭಾವನೆ ಕೊಳ್ಳುವವನ ಕೈಯಿಂದಲೇ ಸಲ್ಲಲಿ.