ಭೀಮಾ ದಾಟಿ ಬಂದವರೂ ಆರೋಗ್ಯ ಸೇತುವೂ

ನಿಮ್ಮ ಹಳೇ ಫೋನು ಇನ್ನೂ ಮನೆಯ ಯಾವುದಾದರೂ ಡ್ರಾಯರಿನಲ್ಲಿ ಬಿದ್ದಿದ್ದರೆ ಒಮ್ಮೆ ಚಾರ್ಜ್ ಮಾಡಿ ನೋಡಿ. ಅದರಲ್ಲಿ ಆರೋಗ್ಯ ಸೇತು ಆ್ಯಪ್ ಇರುವ ಸಾಧ್ಯತೆ ಜಾಸ್ತಿ. 2020ರ ಏಪ್ರಿಲ್ 2ರಂದು ಬಂದ ಈ ಆ್ಯಪ್ ಸುಮಾರು ನಲವತ್ತು ದಿನಗಳಲ್ಲಿ 10 ಕೋಟಿ ಫೋನುಗಳಿಗೆ ಇಳಿಯಿತು. ಮೇ 1ರ ಕೇಂದ್ರ ಗೃಹ ಇಲಾಖೆಯ ಆದೇಶ ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಇದನ್ನು ಕಡ್ಡಾಯ ಮಾಡಿತು. ಮೇ 17ರ ಹೊತ್ತಿಗೆ ಅದೇ ಮಾತು ‘ಸಾಧ್ಯವಾದಷ್ಟು ಹಾಕಿಸಿ’ ಅನ್ನುವಲ್ಲಿಗೆ ಇಳಿಯಿತು. ಆದರೂ ಆಫೀಸಿನ ಗೇಟಿನಲ್ಲಿ, ವಿಮಾನ ನಿಲ್ದಾಣದಲ್ಲಿ ಹಸಿರು ಪರದೆ ತೋರಿಸಿ ಒಳಗೆ ಹೋದದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ.

ಇದೇ ಆ್ಯಪ್ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ನೋಡಿದರೆ ಹೇಗೆ ಕಾಣುತ್ತೆ? ಅದನ್ನು ತಿಳಿಯೋಕೆ ಕೊರೊನಾಗಿಂತ ಬಹಳ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಆ್ಯಪ್ ಕೇಳುತ್ತಿದ್ದ ಪ್ರಶ್ನೆ ಹೊಸದೇನಲ್ಲ. ‘ಎಲ್ಲಿಂದ ಬಂದಿ? ಯಾರ ಜೋಡಿ ಇದ್ದಿ?’ ಎಂದು ಸರ್ಕಾರ ಈ ಭಾಗದ ಜನರನ್ನು ಕೇಳಲು ಶುರು ಮಾಡಿ ನೂರಿಪ್ಪತ್ತು ವರ್ಷ ದಾಟಿತ್ತು.

ಮೊದಲು ಆ್ಯಪ್ ಹೇಗೆ ಕೆಲಸ ಮಾಡುತ್ತಿತ್ತು ನೋಡೋಣ. ಎರಡು ಫೋನುಗಳು ಹತ್ತಿರ ಬಂದರೆ ಬ್ಲೂಟೂತ್ ಮೂಲಕ ಒಂದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತಿದ್ದವು. ಜೊತೆಗೆ ಜಿಪಿಎಸ್‌ನಿಂದ ನೀವೆಲ್ಲಿದ್ದೀರಿ ಅನ್ನೋದೂ ದಾಖಲಾಗುತ್ತಿತ್ತು. ಈ ಲೆಕ್ಕವೆಲ್ಲ ನಿಮ್ಮ ಫೋನಿನಲ್ಲೇ 30 ದಿನ ಇರುತ್ತಿತ್ತು. ನಿಮಗೆ ಸೋಂಕು ಅಂತ ಗೊತ್ತಾದರೆ ಅದು ಸರ್ಕಾರದ ಸರ್ವರ್‌ಗೆ ಹೋಗಿ, ನಿಮ್ಮ ಹತ್ತಿರ ಸುಳಿದಿದ್ದವರಿಗೆ ಎಚ್ಚರಿಕೆ ತಲುಪುತ್ತಿತ್ತು. ಕಾಗದದ ಮೇಲೆ ಚೆನ್ನಾಗಿರುವ ವ್ಯವಸ್ಥೆ. ಆದರೆ ಇದು ನಡೆಯಬೇಕಾದರೆ ಪ್ರತಿಯೊಬ್ಬರ ಹತ್ತಿರ ಸ್ಮಾರ್ಟ್‌ಫೋನ್ ಇರಬೇಕು, ಅದು ಅವರೊಬ್ಬರದೇ ಆಗಿರಬೇಕು, ದಿನವಿಡೀ ಅವರ ಮೈಮೇಲೇ ಇರಬೇಕು, ಬ್ಲೂಟೂತ್ ಆನ್ ಇರಬೇಕು, ಬ್ಯಾಟರಿ ಸಾಯಬಾರದು.

ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಇದೆಲ್ಲ ಸಹಜ. ಮುದ್ದೇಬಿಹಾಳದ ಹಳ್ಳಿಯಲ್ಲಿ ದುಡಿಯೋಕೆ ಹೋದ ಮಗನ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೆ, ಮನೆಯಲ್ಲಿ ಉಳಿದ ತಾಯಿಯ ಹತ್ತಿರ ಬಟನ್ ಫೋನು. ಅದೂ ಮಾಡದ ಮೇಲೆ ಚಾರ್ಜಿಗೆ ಕೂತಿರುತ್ತೆ, ಅವಳು ಹೊಲದಲ್ಲಿರ್ತಾಳೆ. ಸರ್ಕಾರಕ್ಕೂ ಈ ಕೊರತೆ ಗೊತ್ತಿತ್ತು. ಮೇ ತಿಂಗಳ ಮೊದಲ ವಾರ 1921 ಅನ್ನೋ ನಂಬರ್ ಬಂತು. ಬಟನ್ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಕೆಮ್ಮು ಇದೆಯಾ, ಜ್ವರ ಇದೆಯಾ ಎಂದು ಕೇಳುತ್ತಿತ್ತು. ಆದರೆ ಪಕ್ಕದಲ್ಲಿ ಯಾರು ಕೂತಿದ್ದರು ಅನ್ನೋದು ಆ ಕರೆಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಸಣ್ಣ ವಿವರ ಇದೆ. ಆ್ಯಪ್‌ನಲ್ಲಿ ಹೆಸರು ನೋಂದಾಯಿಸುವಾಗ ಹೆಸರು, ವಯಸ್ಸು, ಲಿಂಗ, ಉದ್ಯೋಗದ ಜೊತೆ ಕಳೆದ 30 ದಿನಗಳಲ್ಲಿ ಯಾವ ಯಾವ ದೇಶಕ್ಕೆ ಹೋಗಿದ್ದಿರಿ ಎಂದು ಕೇಳುತ್ತಿತ್ತು. ಈ ನಾಲ್ಕು ತಾಲ್ಲೂಕುಗಳ ಜನ ಸಾವಿರಾರು ಸಂಖ್ಯೆಯಲ್ಲಿ ಓಡಾಡುವವರೇ. ಆದರೆ ಅವರು ಹೋಗೋದು ಗೋವಾಕ್ಕೆ, ಪುಣೆ-ಮುಂಬಯಿಗೆ, ಸೊಲ್ಲಾಪುರಕ್ಕೆ, ಮಂಗಳೂರು-ಬೆಂಗಳೂರಿಗೆ. ಕಟ್ಟಡ ಕೆಲಸ, ರಸ್ತೆ ಕೆಲಸ, ಕಬ್ಬು ಕಡಿಯೋದು. ಇದಕ್ಕೆ ನಮ್ಮಲ್ಲಿರುವ ಹೆಸರು ಗುಳೆ. ಗುಳೆ ಹೋದವರು ದಾಟೋದು ಭೀಮಾ ನದಿಯನ್ನು, ಸಮುದ್ರವನ್ನಲ್ಲ. ನೋಂದಣಿಯ ಆ ಪ್ರಶ್ನೆಯಲ್ಲಿ ಅವರ ಪ್ರಯಾಣಕ್ಕೆ ಜಾಗವೇ ಇರಲಿಲ್ಲ.

ಈ ಗುಳೆಗೂ ರೋಗದ ತಪಾಸಣೆಗೂ ಹಳೆಯ ನಂಟಿದೆ. 1876ರಿಂದ 78ರವರೆಗಿನ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ ಭಾಗ, ನುಗ್ಗುನುರಿಯಾಯಿತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜನಸಂಖ್ಯೆ ಐದರಲ್ಲೊಂದು ಭಾಗಕ್ಕೂ ಹೆಚ್ಚು ಕುಗ್ಗಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಆ ಬರದ ಪಾಠದಿಂದಲೇ ಹೊಟಗಿಯಿಂದ ಗದಗಿಗೆ ರೈಲು ಮಾರ್ಗ ಬಂತು, 1884ರಲ್ಲಿ. ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್ ಸ್ಟೇಷನ್ನುಗಳು ಇವತ್ತಿಗೂ ಇದೇ ಮಾರ್ಗದ ಮೇಲಿವೆ. ಬರ ಬಂದರೆ ಕಾಳು ಒಳಗೆ ತರೋಕೆ ಅಂತ ಹಾಕಿದ ಹಳಿ, ಜನ ಹೊರಗೆ ಹೋಗೋಕೂ ದಾರಿಯಾಯಿತು.

ಹನ್ನೆರಡು ವರ್ಷಗಳ ನಂತರ, 1896ರಲ್ಲಿ, ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ವಿಜಯಪುರ ಆಗ ಮುಂಬಯಿ ಪ್ರಾಂತದ ಭಾಗ. ಮರುವರ್ಷವೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಬರೀ ನಾಲ್ಕು ಸೆಕ್ಷನ್ನಿನ ಕಾಯ್ದೆ. ಅದರ ಎರಡನೇ ಸೆಕ್ಷನ್ನಿನಲ್ಲೇ ‘ರೈಲಿನಲ್ಲಿ ಅಥವಾ ಬೇರೆ ರೀತಿ ಪ್ರಯಾಣಿಸುವವರನ್ನು’ ತಪಾಸಣೆ ಮಾಡುವ, ಅನುಮಾನ ಬಂದವರನ್ನು ಬೇರೆ ಇಡುವ ಅಧಿಕಾರ ಇದೆ. ನಾಲ್ಕನೇ ಸೆಕ್ಷನ್ನು ಈ ಕೆಲಸ ಮಾಡಿದ ಅಧಿಕಾರಿಗಳ ಮೇಲೆ ಕೇಸು ಹಾಕುವಂತಿಲ್ಲ ಅನ್ನುತ್ತೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಕೂಡ ಇದೇ 1897ರ ಕಾಯ್ದೆಯ ಅಡಿಯಲ್ಲಿ. ನಮ್ಮ ಆ್ಯಪ್ ಹೊಸದಾಗಿತ್ತು, ಕಾನೂನು ಮುತ್ತಜ್ಜನ ಕಾಲದ್ದು.

ಪ್ಲೇಗಿನ ಕಾಲದ ತಪಾಸಣೆ ಹೇಗಿತ್ತು? ಸ್ಟೇಷನ್ನಿನಲ್ಲಿ ಪ್ರಯಾಣಿಕರನ್ನು ಇಳಿಸಿ ಸಾಲು ನಿಲ್ಲಿಸಿ ಮೈ ಮುಟ್ಟಿ ನೋಡುತ್ತಿದ್ದರು. ಊರೊಳಗೆ ಸೈನಿಕರು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದರು, ಮನೆಯವರನ್ನು ಕ್ಯಾಂಪಿಗೆ ಹಾಕುತ್ತಿದ್ದರು. ಪರಿಣಾಮ ಊಹಿಸಬಹುದು. ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನೂ ಗುಟ್ಟಾಗಿ ಮಣ್ಣು ಮಾಡಿದರು. ಪುಣೆಯಲ್ಲಿ ಪ್ಲೇಗ್ ಕಮಿಟಿಯ ಮುಖ್ಯಸ್ಥ ರ‍್ಯಾಂಡ್‌ನನ್ನು 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡಿಕ್ಕಿದರು. ರೋಗವಂತೂ ನಿಲ್ಲಲಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಬಂತು, 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಬೆಂಗಳೂರಿಗೂ ಬಂತು. ಬೆಂಗಳೂರಿಗೆ ಮೊದಲ ಟೆಲಿಫೋನ್ ತಂತಿ ಎಳೆದದ್ದು ಪ್ಲೇಗ್ ತಡೆಯುವ ಕೆಲಸಕ್ಕೆ ಅಂದರೆ ಆಶ್ಚರ್ಯ ಆಗಬಹುದು. ಆದರೆ ಮಹಾಮಾರಿಯ ಬೆನ್ನು ಹತ್ತೋಕೆ ನಮ್ಮವರು ಫೋನನ್ನು ನಂಬಿದ್ದು 2020ರಲ್ಲೇ ಮೊದಲಲ್ಲ.

ಹುಬ್ಬಳ್ಳಿಯಲ್ಲಿ ಮಾತ್ರ ಕತೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಹಾಫ್ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು 1898ರಲ್ಲಿ ಅಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಬಲವಂತದ ಹುಡುಕಾಟ ಸೋತಿದ್ದನ್ನು ನೋಡಿ ಸರ್ಕಾರ ನಿಧಾನಕ್ಕೆ ಒಪ್ಪಿಸುವ ದಾರಿಗೆ ಬಂತು. ಹಳ್ಳಿಯ ಜನ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಊರಲ್ಲಿ ಇಲಿ ಸಾಯೋಕೆ ಶುರುವಾದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರೋದು. ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ‘ಪಿಳೇಗಿನ ಕಾಲ’ ಅಂದರೆ ಅದೇ ನೆನಪು.

ಮುಂದಿನ ದೊಡ್ಡ ಹುಡುಕಾಟ ಸಿಡುಬಿನದ್ದು. 1973ರಿಂದ ದೇಶದಲ್ಲಿ ಮನೆ ಮನೆ ಹುಡುಕುವ ಕೆಲಸ ಶುರುವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಒಂದು ಕಾರ್ಡ್ ಹಿಡಿದು ಹೋಗುತ್ತಿದ್ದರು. ಅದರ ಮೇಲೆ ಸಿಡುಬಾದ ಮಗುವಿನ ಚಿತ್ರ. ‘ಇಂಥದ್ದು ಎಲ್ಲಾದರೂ ನೋಡಿದ್ದೀರಾ?’ ಎಂದು ಶಾಲೆಯಲ್ಲಿ, ಸಂತೆಯಲ್ಲಿ ಕೇಳುತ್ತಿದ್ದರು. ನೋಡಿದ್ದೇವೆ ಅಂದವರಿಗೆ ಬಹುಮಾನ, ಕೊನೆಕೊನೆಗೆ ಅದು ಸಾವಿರ ರೂಪಾಯಿವರೆಗೆ ಹೋಯಿತು. ಕೇಸು ಸಿಕ್ಕ ಮನೆಯ ಸುತ್ತಲಿನವರಿಗೆಲ್ಲ ತಕ್ಷಣ ಲಸಿಕೆ. ಅಲ್ಲೂ ಬಲವಂತ ನಡೆದ ಉದಾಹರಣೆಗಳಿವೆ. ಆದರೂ ಒಂದು ಮೂಲಭೂತ ಬದಲಾವಣೆ ಆಗಿತ್ತು. 1897ರಲ್ಲಿ ಹೇಳಿದವನು ಕಳೆದುಕೊಳ್ಳುತ್ತಿದ್ದ, 1975ರಲ್ಲಿ ಹೇಳಿದವನಿಗೆ ಏನೋ ಸಿಗುತ್ತಿತ್ತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಕೇಸು ಸಿಕ್ಕಿತು.

ಈಗ ಮತ್ತೆ 2020ಕ್ಕೆ ಬರೋಣ. ಹೇಳಿದವನಿಗೆ ಆ ವರ್ಷ ಏನಾಯಿತು?

ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಸಾರ್ವಜನಿಕವಾಗಿ ಹಾಕಿತು. ಕೈಗೆ ಸೀಲು ಬಿತ್ತು. ಕ್ವಾರಂಟೈನ್ ವಾಚ್ ಆ್ಯಪ್‌ನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು, ನಿದ್ದೆಯ ಹೊತ್ತು ಬಿಟ್ಟು. ಮೇ ತಿಂಗಳಲ್ಲಿ ಗುಳೆ ಹೋದವರು ಊರಿಗೆ ಮರಳಲು ಶುರು ಮಾಡಿದರು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ, ಪಾಸು, ಗಡಿಯಲ್ಲಿ ತಪಾಸಣೆ. ಮೇ 18ರಂದು ಮಹಾರಾಷ್ಟ್ರ ಸೇರಿ ಕೆಲ ರಾಜ್ಯಗಳಿಂದ ತಿಂಗಳ ಕೊನೆಯವರೆಗೆ ಯಾರೂ ಬರುವಂತಿಲ್ಲ ಎಂದು ರಾಜ್ಯ ಹೇಳಿತು. ಸೊಲ್ಲಾಪುರ ರಸ್ತೆಯಲ್ಲಿ ಹಳೆಯ ಇಂಡಿ ತಾಲ್ಲೂಕಿನ ಧೂಳಖೇಡದಲ್ಲಿ ಚೆಕ್‌ಪೋಸ್ಟ್ ಇದೆ ನಿಜ. ಆದರೆ ಭೀಮೆಯ ಎರಡೂ ದಂಡೆಗೆ ಬೀಗರು, ಬಂಧುಗಳು, ಹೊಲಗಳಿರುವ ಸೀಮೆ ಇದು. ಹೆದ್ದಾರಿಯಲ್ಲಿ ಬಂದರೆ ತಡೆಯುತ್ತಾರೆ, ಶಾಲೆಯಲ್ಲಿ ಕೂಡಿಸುತ್ತಾರೆ, ಊರವರು ‘ಬಾಂಬೆದಿಂದ ಬಂದಾರ’ ಎಂದು ದೂರ ಸರಿಯುತ್ತಾರೆ. ಅಂಥ ಹೊತ್ತಲ್ಲಿ ‘ಎಲ್ಲಿಂದ ಬಂದಿ?’ ಅಂದರೆ ನಿಜ ಹೇಳೋಕೆ ಎಷ್ಟು ಜನರಿಗೆ ಮನಸ್ಸಾದೀತು?

ಹಾಗಿದ್ದೂ ಹಳ್ಳಿಗಳಲ್ಲಿ ಸಂಪರ್ಕ ಪತ್ತೆ ನಡೆಯಿತು. ಆ ದಿನಗಳ ಬುಲೆಟಿನ್ ನೆನಪಿಸಿಕೊಳ್ಳಿ. ರೋಗಿಗೆ ಒಂದು ನಂಬರ್, ವಯಸ್ಸು, ಜಿಲ್ಲೆ, ಪಕ್ಕದಲ್ಲಿ ‘ಇಂಥ ನಂಬರಿನವರ ಸಂಪರ್ಕ’ ಎಂಬ ಸಾಲು. ಆ ಒಂದೊಂದು ಸಾಲಿನ ಹಿಂದೆ ಮನೆ ಮನೆಗೆ ಹೋಗಿ ವಿಚಾರಿಸಿದ ಮನುಷ್ಯರಿದ್ದರು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಶಾಲೆ ಮಾಸ್ತರರು, ಪಿಡಿಒ, ಗ್ರಾಮ ಪಂಚಾಯ್ತಿಯ ಕಾರ್ಯಪಡೆ. ಯಾರ ಮಗ ಗೋವಾದಲ್ಲಿದ್ದಾನೆ, ಯಾರ ಮನೆಯಲ್ಲಿ ನಿನ್ನೆ ರಾತ್ರಿ ದೀಪ ಹೊತ್ತಿತ್ತು ಅನ್ನೋದು ಆಶಾಗೆ ಗೊತ್ತಿರುತ್ತೆ. ಬ್ಲೂಟೂತ್‌ಗೆ ನಡುವೆ ಗೋಡೆ ಇದೆಯೋ ಇಲ್ಲವೋ ತಿಳಿಯೋದಿಲ್ಲ. ಆಶಾಗೆ ಗೋಡೆಯ ಆಚೆಗಿನ ಜಗಳವೂ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಹೇಳಿದ ಮೇಲೆ ರೇಷನ್ ತಲುಪುತ್ತಾ, ಮನೆಯ ಬಸುರಿಗೆ ಆಸ್ಪತ್ರೆಗೆ ಗಾಡಿ ಸಿಗುತ್ತಾ ಎಂದು ಅವಳನ್ನು ಕೇಳಬಹುದು. ಆ್ಯಪನ್ನು ಕೇಳೋಕಾಗಲ್ಲ.

ಆಶಾ ಅಂದಾಕ್ಷಣ ಜನ ನಂಬಿಬಿಟ್ಟರು ಅಂತೇನಲ್ಲ. ಏಪ್ರಿಲ್ ಮೊದಲ ವಾರ ಬೆಂಗಳೂರಿನಲ್ಲೇ, ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆ ನಡೆಯಿತು. ಈ ಮಾಹಿತಿ ಇನ್ಯಾವುದಕ್ಕೋ ಬಳಕೆಯಾಗುತ್ತೆ ಎಂಬ ವದಂತಿ ಹಬ್ಬಿತ್ತು. ಇತ್ತ ಸರ್ಕಾರ ಅವರನ್ನು ನಡೆಸಿಕೊಂಡ ರೀತಿಯೂ ಹೇಳಿಕೊಳ್ಳುವಂತಿರಲಿಲ್ಲ. 2020ರ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ, ಸರಿಯಾದ ಮಾಸ್ಕು-ಗ್ಲೌಸು ಕೇಳಿ ಮುಷ್ಕರ ಮಾಡಬೇಕಾಯಿತು. ಆ್ಯಪ್‌ಗೆ ಪ್ರಧಾನಿಯವರ ಭಾಷಣದಲ್ಲೇ ಪ್ರಚಾರ ಸಿಕ್ಕಿತ್ತು. ನಿಜವಾಗಿ ಹುಡುಕಿದವರಿಗೆ ಮಾಸ್ಕು ಸಿಗಲಿಲ್ಲ.

ಕೇಳಿದ್ದರ ಉತ್ತರ ಯಾರ ಕೈಗೆ ಹೋಗುತ್ತೆ ಅನ್ನೋ ಭಯ ಬರೀ ಹಳ್ಳಿಯ ವದಂತಿಯೂ ಆಗಿರಲಿಲ್ಲ. ಅನಿವರ್ ಅರವಿಂದ್ ಎಂಬ ಬೆಂಗಳೂರಿನ ತಂತ್ರಜ್ಞರು ಆರೋಗ್ಯ ಸೇತು ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಹಾಕಿಕೊಂಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಸರ್ಕಾರದ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ಕೋರ್ಟು 2020ರ ಅಕ್ಟೋಬರ್‌ನಲ್ಲಿ ಹೇಳಿತು. 2021ರ ಜನವರಿ 25ರಂದು, ಬಳಕೆದಾರರ ತಿಳಿದ ಒಪ್ಪಿಗೆ ಇಲ್ಲದೆ ಅವರ ಆರೋಗ್ಯದ ಮಾಹಿತಿಯನ್ನು ಬೇರೆ ಇಲಾಖೆಗಳ ಜೊತೆ ಹಂಚಿಕೊಳ್ಳಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಅದೇ ತಿಂಗಳು ಸಿಂಗಪುರದಲ್ಲಿ ಇನ್ನೊಂದು ಸುದ್ದಿ. ಅಲ್ಲಿನ ಟ್ರೇಸ್‌ಟುಗೆದರ್ ಆ್ಯಪ್‌ನ ಮಾಹಿತಿಯನ್ನು ರೋಗಕ್ಕೆ ಮಾತ್ರ ಬಳಸುತ್ತೇವೆ ಅಂದಿದ್ದ ಸರ್ಕಾರ, ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದು ಎಂದು ಒಪ್ಪಿಕೊಂಡಿತು. ಜನ ಸಿಟ್ಟಾದ ಮೇಲೆ ಫೆಬ್ರವರಿಯಲ್ಲಿ ಕಾನೂನು ತಂದು ಅದನ್ನು ಏಳು ಬಗೆಯ ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸಿತು.

ನಮ್ಮ ಆರೋಗ್ಯ ಸೇತುವಿನಲ್ಲಿ ಸಂಪರ್ಕ ಪತ್ತೆಯ ಭಾಗವನ್ನು ಆಮೇಲೆ ನಿಲ್ಲಿಸಲಾಯಿತು. ಎಷ್ಟೋ ಫೋನುಗಳಿಂದ ಅದು ಸದ್ದಿಲ್ಲದೆ ಹೋಯಿತು. ಆದರೆ ಗುಳೆ ನಿಂತಿಲ್ಲ. ಮಳೆ ಕೈಕೊಟ್ಟ ವರ್ಷ ಸಿಂದಗಿಯಿಂದ, ಇಂಡಿಯಿಂದ ಜನ ಈಗಲೂ ಬಸ್ಸು-ರೈಲು ಹತ್ತುತ್ತಾರೆ. ಇನ್ನೊಂದು ರೋಗ ಬಂದರೆ ಮೊದಲು ತಪಾಸಣೆಗೆ ಸಾಲು ನಿಲ್ಲುವವರೂ ಅವರೇ. ಆಗ ಅದಕ್ಕೆ ಸಾಫ್ಟ್‌ವೇರ್ ಬರೆಯುವವರು ಬಹುಶಃ ಈ ಪುಸ್ತಕ ಓದುತ್ತಿರುವವರಲ್ಲೇ ಯಾರೋ ಇರ್ತೀರಿ. ಅವರಿಗೆ ಈ ನಾಲ್ಕು ತಾಲ್ಲೂಕುಗಳ ಕಡೆಯಿಂದ ಒಂದೇ ಬಿನ್ನಹ. ಕೋಡ್ ಬರೆಯುವ ಮೊದಲು ಈ ಮೂರು ವಿಷಯ ಬರೆಸಿಕೊಳ್ಳಿ: ಹೇಳಿದವನ ಹದಿನಾಲ್ಕು ದಿನದ ಕೂಲಿ ಯಾರು ಕೊಡ್ತಾರೆ, ಅವನು ಕೊಟ್ಟ ಮಾಹಿತಿ ಎಂದು ಅಳಿಸಿಹೋಗುತ್ತೆ, ಅವನ ಮನೆ ಬಾಗಿಲಿಗೆ ಹೋಗುವ ಆಶಾಗೆ ಸಂಬಳ ಎಷ್ಟು. ಇಷ್ಟು ಆದರೆ ‘ಯಾರ ಜೋಡಿ ಇದ್ದಿ?’ ಅನ್ನೋದಕ್ಕೆ ಬಟನ್ ಫೋನಿನಲ್ಲೂ ಸರಿಯಾದ ಉತ್ತರ ಬರುತ್ತೆ.