ಹೊಟ್ಟೆನೋವು ಮತ್ತು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ: ಇ.ಎಸ್.ಐ. ವಿಮಾದಾರರಿಗೆ ಮಾಹಿತಿ

ಅಜೀರ್ಣ, ಕರುಳಿನ ಸೋಂಕು, ಜಠರದ ಹುಣ್ಣು, ಪಿತ್ತಕೋಶ ಅಥವಾ ಮೂತ್ರಪಿಂಡದ ಕಲ್ಲು ಮುಂತಾದವು ಹೊಟ್ಟೆನೋವಿನ ಸಾಮಾನ್ಯ ಕಾರಣಗಳು. ಇವುಗಳಲ್ಲಿ ಹಲವು ಔಷಧದಿಂದಲೇ ಶಮನಗೊಳ್ಳುತ್ತವೆ. ಆದರೆ ಅಪೆಂಡಿಕ್ಸ್ ಉರಿಯೂತದಲ್ಲಿ ವಿಳಂಬವು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗದ ಕಾರ್ಮಿಕ ಕುಟುಂಬಗಳ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾರಣ
ಅಪೆಂಡಿಕ್ಸ್ ಎಂಬುದು ದೊಡ್ಡ ಕರುಳಿನ ಆರಂಭದಲ್ಲಿರುವ ಬೆರಳಿನಾಕಾರದ ಕಿರುಚೀಲ. ಗಟ್ಟಿಯಾದ ಮಲದ ತುಣುಕು ಮುಂತಾದವುಗಳಿಂದ ಇದರ ಬಾಯಿ ಮುಚ್ಚಿದಲ್ಲಿ ಒಳಗೆ ಸೋಂಕುಂಟಾಗಿ ಊದಿಕೊಳ್ಳುತ್ತದೆ. ಒಡೆದಲ್ಲಿ ಸೋಂಕು ಹೊಟ್ಟೆಯೊಳಗೆಲ್ಲ ಹರಡುತ್ತದೆ. 10ರಿಂದ 30 ವರ್ಷದವರಲ್ಲಿ ಈ ಕಾಯಿಲೆ ಹೆಚ್ಚು.

ಲಕ್ಷಣಗಳು
1. ಹೊಕ್ಕುಳ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಸರಿಯುವುದು.
2. ಹಸಿವಿಲ್ಲದಿರುವುದು, ವಾಕರಿಕೆ, ವಾಂತಿ, ಸಣ್ಣ ಜ್ವರ.
3. ಕೆಮ್ಮಿದಾಗ ಅಥವಾ ನಡೆದಾಗ ನೋವು ಹೆಚ್ಚುವುದು.
ತೀವ್ರ ನೋವು ಹಠಾತ್ತನೆ ಕಡಿಮೆಯಾದರೆ ಗುಣವಾಯಿತೆಂದು ಭಾವಿಸಬಾರದು. ಅದು ಅಪೆಂಡಿಕ್ಸ್ ಒಡೆದ ಸೂಚನೆಯೂ ಆಗಿರಬಹುದು.

ಗಮನಿಸಬೇಕಾದ ಅಂಶಗಳು
ಇಂತಹ ನೋವಿಗೆ ಹರಳೆಣ್ಣೆ ಅಥವಾ ಭೇದಿ ಔಷಧಿ ಸೇವಿಸಬಾರದು. ವೈದ್ಯರು ಪರೀಕ್ಷಿಸುವವರೆಗೆ ಆಹಾರ ಸೇವಿಸದಿರುವುದು ಒಳಿತು. ಗರ್ಭಿಣಿಯರು ಹಾಗೂ ಮುಟ್ಟು ತಪ್ಪಿರುವ ಮಹಿಳೆಯರು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಚಿಕಿತ್ಸೆ
ದೈಹಿಕ ತಪಾಸಣೆ, ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮೂಲಕ ಕಾಯಿಲೆಯನ್ನು ದೃಢಪಡಿಸಲಾಗುತ್ತದೆ. ಅರಿವಳಿಕೆ ನೀಡಿ, ಲ್ಯಾಪರೊಸ್ಕೋಪಿ ಅಥವಾ ತೆರೆದ ಶಸ್ತ್ರಚಿಕಿತ್ಸೆಯ ಮೂಲಕ ಅಪೆಂಡಿಕ್ಸನ್ನು ತೆಗೆಯಲಾಗುತ್ತದೆ. ಒಡೆಯುವ ಮೊದಲೇ ತೆಗೆದಲ್ಲಿ ರೋಗಿಯು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು; ಒಡೆದಿದ್ದಲ್ಲಿ ಹೆಚ್ಚು ದಿನ ಬೇಕಾಗುತ್ತದೆ. ಕೆಲವರಿಗೆ ಕೇವಲ ಆ್ಯಂಟಿಬಯೋಟಿಕ್ ಔಷಧಿ ಸಾಕಾಗಬಹುದಾದರೂ ಕಾಯಿಲೆ ಮರುಕಳಿಸುವ ಸಾಧ್ಯತೆಯಿರುತ್ತದೆ.

ಸೌಲಭ್ಯ
ವಿಮಾದಾರ ಕಾರ್ಮಿಕರು ಮತ್ತು ಅವರ ಅವಲಂಬಿತರು ವಿಮಾ ವ್ಯಾಪ್ತಿಗೆ ಒಳಪಟ್ಟ ಮೊದಲ ದಿನದಿಂದಲೇ ವೈದ್ಯಕೀಯ ಚಿಕಿತ್ಸೆಗೆ ಅರ್ಹರು. ತುರ್ತು ಸಂದರ್ಭದಲ್ಲಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಬರಬಹುದು. ಇ-ಪೆಹಚಾನ್ ಕಾರ್ಡ್ ಹಾಗೂ ಆಧಾರ್ ತರತಕ್ಕದ್ದು. ವಾಹನವಿಲ್ಲದಿದ್ದಲ್ಲಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಬಹುದು.

ಸಂಬಳ ಕಡಿತವಾಗುವುದೆಂಬ ಆತಂಕದಿಂದ ನೋವು ನುಂಗಿಕೊಂಡು ಕೆಲಸಕ್ಕೆ ಹಾಜರಾಗಬಾರದು. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಪಾವತಿಯಾಗಿದ್ದಲ್ಲಿ, ಅದಕ್ಕೆ ಸಂಬಂಧಿಸಿದ ಸೌಲಭ್ಯ ಅವಧಿಯಲ್ಲಿ ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆಯನ್ನು ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ಪಡೆಯಬಹುದಾಗಿದೆ.